ಬೋಲ್ಟು ಹಿಡಿಯದ ನೆಲ

ನಾನು ಏನು ಕೆಲಸ ಮಾಡುತ್ತೇನೆಂದು ಅವ್ವನಿಗೆ ತಿಳಿಸಿ ಹೇಳುವುದಕ್ಕೆ ಬಹಳ ಕಾಲ ಹಿಡಿಯಿತು. ಗೋಗಿಯಲ್ಲಿ ಯಾರಾದರೂ ಕೇಳಿದರೆ ಆಕೆ "ಕರೆಂಟಿನ ಆಫೀಸಿನ್ಯಾಗ ಅದಾಳ" ಎಂದು ಹೇಳಿ ಮುಗಿಸುತ್ತಿದ್ದಳು. ಕೇಳಿದವರು ಮರುದಿನ ತಮ್ಮ ಮನೆಯ ಮೀಟರಿನ ತಕರಾರು ಹಿಡಿದುಕೊಂಡು ನನ್ನ ತಮ್ಮನ ಆಟೋದ ಹತ್ತಿರ ಬಂದು ನಿಲ್ಲುತ್ತಿದ್ದರು. ಅವನು ಗೋಗಿಯಿಂದ ಶಹಾಪುರಕ್ಕೆ ಶೇರ್ ಆಟೋ ಹೊಡೆಯುತ್ತಾನೆ, ಹಾಗಾಗಿ ಊರಿನವರಿಗೆಲ್ಲ ಸಿಗುತ್ತಾನೆ.

ಮೀಟರಿಗೂ ನನಗೂ ಸಂಬಂಧವಿಲ್ಲ. ಯಾದಗಿರಿಯಲ್ಲಿ ಒಂದು ಔಷಧಿ ಅಂಗಡಿಯ ಮೇಲಿನ ಎರಡು ಖೋಲಿಗಳಲ್ಲಿ ನಮ್ಮ ಕಚೇರಿ ಇದೆ. ಹೊಸ ಕಟ್ಟಡಗಳಲ್ಲಿ ಕೂರಿಸಿದ ದೊಡ್ಡ ಪ್ಯಾನೆಲ್, ಜನರೇಟರ್, ಬ್ಯಾಟರಿಗಳ ಸಾಲು ಇವೆಲ್ಲ ಭೂಮಿ ನಡುಗಿದರೆ ನಿಲ್ಲುತ್ತವೆಯೋ ಬೀಳುತ್ತವೆಯೋ ನೋಡಿ ಸಹಿ ಮಾಡಿ ಕೊಡುವುದು ನನ್ನ ಕೆಲಸ. ತಯಾರಿಸುವ ಕಂಪನಿಯವರು ಪ್ಯಾನೆಲನ್ನು ಒಂದು ಕಬ್ಬಿಣದ ಕಟ್ಟೆಯ ಮೇಲೆ ಬೋಲ್ಟು ಬಿಗಿದು ನಿಲ್ಲಿಸಿ, ಆ ಕಟ್ಟೆಯನ್ನೇ ಭೂಕಂಪದ ಹಾಗೆ ನಡುಗಿಸುತ್ತಾರೆ. ಪ್ಯಾನೆಲ್ ಬೀಳದೆ, ಒಳಗಿನ ತಂತಿ ಕಿತ್ತುಕೊಳ್ಳದೆ, ಕರೆಂಟು ಕಡಿಯದೆ ಉಳಿದರೆ ಅದಕ್ಕೊಂದು ಪ್ರಮಾಣಪತ್ರ ಸಿಗುತ್ತದೆ. ಆದರೆ ಆ ಪತ್ರ ಪ್ಯಾನೆಲಿಗೆ ಸಿಕ್ಕಿದ್ದು, ಅದು ಹೋಗಿ ನಿಲ್ಲುವ ನೆಲಕ್ಕಲ್ಲ. ಅಲ್ಲಿ ಬಿಗಿದ ಹಾಗೆ ಇಲ್ಲಿಯೂ ಬಿಗಿದಿದ್ದಾರೆಯೇ ಎಂದು ಯಾರಾದರೂ ಮೊಣಕಾಲೂರಿ ನೋಡಬೇಕು.

ಇದನ್ನು ಒಮ್ಮೆ ರೊಟ್ಟಿ ಬಡಿಯುತ್ತ ಕೂತಿದ್ದ ಅವ್ವನಿಗೆ ಬಿಡಿಸಿ ಹೇಳಿದೆ. ಆಕೆ ಕೈ ನಿಲ್ಲಿಸಿದಳು.

"ಲಾತೂರ ಕಡಿ ಕಿಲ್ಲಾರ್ಯಾಗ ಭೂಮಿ ನಡುಗಿದಾಗ ನಮ್ಮ ಮನ್ಯಾಗ ಮಾಡದ ಮ್ಯಾಲಿನ ಕೊಡ ಬಿದ್ದು ನಿನ್ನ ತೊಟ್ಟಿಲ ಬಗಲಾಗ ಒಡದಿತ್ತು. ಒಂದು ಗೇಣು ಈಚಿ ಬಿದ್ದಿದ್ರ ನೀ ಇರ್ತಿದ್ದಿಲ್ಲ. ಕೊಡ ಬೀಳಲಾರದಂಗ ಕಟ್ಟಿಡೋ ಕೆಲಸ ಅನ್ನು."

ಹೌದು ಅಂದೆ. ಅಂದಿನಿಂದ ಅವ್ವ ನನ್ನ ಕೆಲಸದ ಬಗ್ಗೆ ಹೆಮ್ಮೆಯಿಂದ ಮಾತಾಡತೊಡಗಿದಳು.

ಶಹಾಪುರದ ಹೊರಗೆ, ಕಾಲುವೆಯ ದಾರಿಯಲ್ಲಿ, ಒಂದು ಟ್ರಸ್ಟಿನವರು ಹೆರಿಗೆ ಆಸ್ಪತ್ರೆ ಕಟ್ಟಿಸುತ್ತಿದ್ದರು. ಅದರ ಹೆಸರು ಇಲ್ಲಿ ಬೇಡ. ಅದನ್ನು ನಡೆಸಬೇಕಾಗಿದ್ದ ಡಾಕ್ಟರ್ ಮೇಡಂ ಸುರಪುರದ ಕಡೆಯವರು. ಕಟ್ಟಡ ಮುಗಿಯುವ ಮೊದಲೇ ಹಳ್ಳಿಹಳ್ಳಿಗೆ ಹೋಗಿ ಬಸುರಿಯರನ್ನು ತಪಾಸಣೆ ಮಾಡುತ್ತಿದ್ದರು. ಗೋಗಿಗೂ ಬಂದಿದ್ದರು. ಆಗ ನನ್ನ ತಮ್ಮನ ಹೆಂಡತಿ ಬಸುರಿ. ಮೊದಲಿನ ಬಸಿರು ನಿಂತಿರಲಿಲ್ಲ, ಈ ಸಲವೂ ಕಾಲು ಬಾತು ರಕ್ತದೊತ್ತಡ ಏರಿತ್ತು. ಡಾಕ್ಟರ್ ಮೇಡಂ ಆಕೆಯ ಕೈ ಹಿಡಿದು, "ಅಂಜಬ್ಯಾಡವ್ವಾ, ಕೂಸು ಸಣ್ಣದು ಹುಟ್ಟಬಹುದು. ನಮ್ಮ ಹೊಸಾ ದವಾಖಾನಿಗಿ ಬಾ. ಕೂಸಿಗಿ ಉಸಿರು ಕೊಡೋ ಮಷೀನು ತರಿಸೀವಿ. ಕಲಬುರಗಿತನಕ ಓಡೋದು ಇರಲ್ಲ" ಎಂದಿದ್ದರಂತೆ. ತಮ್ಮ ಇದನ್ನು ನನಗೆ ಫೋನಿನಲ್ಲಿ ಹೇಳುವಾಗ ಅವನ ದನಿಯಲ್ಲಿ ಬಹಳ ತಿಂಗಳ ಮೇಲೆ ನಗು ಕೇಳಿಸಿತು. ಆ ಆಸ್ಪತ್ರೆಯ ವಿದ್ಯುತ್ ಸಾಮಾನಿನ ಪರೀಕ್ಷೆ ನಮ್ಮ ಕಚೇರಿಗೇ ಬಂದಿದೆ ಎಂದು ಹೇಳಿದಾಗ ಅವನು ಇನ್ನೂ ಖುಷಿಪಟ್ಟ.

"ಹಂಗಾದ್ರ ನಮ್ಮ ಅಕ್ಕನ ದವಾಖಾನಿನೇ ಆತಲ್ಲ ಅದು" ಎಂದ.

ಪರೀಕ್ಷೆಗೆ ಹೋದ ದಿನ ಮಗ್ಗುಲಿನ ಗದ್ದೆಗಳಿಗೆ ನೀರು ಬಿಟ್ಟಿದ್ದರು. ಕಟ್ಟಡದೊಳಗೆ ಹೊಸ ಬಣ್ಣದ ವಾಸನೆ. ಕಾಂಟ್ರಾಕ್ಟರನ ಸೂಪರ್‌ವೈಸರ್ ಒಂದೊಂದೇ ಖೋಲಿಯ ಕೀಲಿ ತೆಗೆದು ತೋರಿಸಿದ. ಕೆಳಗಿನ ಮೇನ್ ಪ್ಯಾನೆಲ್ ಸರಿಯಾಗಿತ್ತು. ಜನರೇಟರ್ ಸರಿಯಾಗಿತ್ತು. ಎಲ್ಲದರ ಪ್ರಮಾಣಪತ್ರಗಳೂ ಅಸಲಿಯೇ. ಮಹಡಿಯ ಮೇಲೆ ಸಣ್ಣ ಕೂಸುಗಳ ಖೋಲಿ, ಅದರ ಗೋಡೆಗೆ ಹತ್ತಿಯೇ ಬ್ಯಾಟರಿ ಖೋಲಿ. ಊರಿನ ಕರೆಂಟು ಹೋಗಿ ಜನರೇಟರ್ ಚಾಲೂ ಆಗುವವರೆಗೆ, ಅಥವಾ ಅದು ಚಾಲೂ ಆಗದೇ ಇದ್ದರೆ ಬೇರೆ ವ್ಯವಸ್ಥೆಯಾಗುವವರೆಗೆ, ಕೂಸುಗಳ ಉಸಿರಿನ ಮಷೀನು ನಡೆಯುವುದು ಆ ಬ್ಯಾಟರಿಗಳ ಮೇಲೆ. ನನಗಿಂತ ಎತ್ತರದ ಕಬ್ಬಿಣದ ಸ್ಟ್ಯಾಂಡು, ಅದರ ತುಂಬ ಭಾರದ ಬ್ಯಾಟರಿಗಳು. ನಾಲ್ಕೂ ಕಾಲಿಗೆ ಬೋಲ್ಟು ಹಾಕಿದ್ದರು, ಮೇಲೆ ಬಣ್ಣವನ್ನೂ ಬಳಿದಿದ್ದರು.

ಒಂದು ಬೋಲ್ಟಿಗೆ ಪಾನಾ ಹಾಕಿ ತಿರುಗಿಸಿದೆ. ಬಿಗಿಯಬೇಕಾದ ಬೋಲ್ಟು ಸುಮ್ಮನೆ ಸುತ್ತಿತು. ಇನ್ನೂ ಸುತ್ತಿದೆ. ಟೈಲ್ಸಿನ ಚೂರು, ಅದರಡಿಯ ಮಣ್ಣುಮಣ್ಣು ಮರಳು ಎಲ್ಲ ಸೇರಿ ಬೋಲ್ಟು ನನ್ನ ಕೈಗೆ ಬಂತು. ಕೆಳಗಿನ ಸ್ಲ್ಯಾಬಿನ ಮೇಲೆ ನೀರಿನ ಪೈಪು ಹಾಯಿಸಿ, ಅದನ್ನು ಮುಚ್ಚಲು ಇಟ್ಟಿಗೆ ಚೂರು ತುಂಬಿ, ಮೇಲೆ ತೆಳ್ಳಗೆ ಸಿಮೆಂಟು ಬಳಿದು ಟೈಲ್ಸ್ ಹಾಸಿದ್ದರು. ಬೋಲ್ಟು ಹಿಡಿದಿದ್ದು ಆ ತುಂಬಿದ ಚೂರನ್ನು. ನಾನು ಸ್ಟ್ಯಾಂಡಿನ ಮೇಲೆ ಕೈಯಿಟ್ಟು ತಳ್ಳಿದೆ. ಅಷ್ಟು ಭಾರದ್ದು ಅಲುಗಿತು.

"ನಮ್ಮ ಕಡಿ ಭೂಕಂಪ ಎಲ್ಲಿ ಆಗ್ತದ್ರಿ ಮೇಡಂ?" ಎಂದ ಸೂಪರ್‌ವೈಸರ್. ಅವನೇನೂ ಕೆಟ್ಟವನಲ್ಲ. ಮುಖ ಬಾಡಿತ್ತು.

"ಆಗಲಾರದಿದ್ರ ಛಲೋನೇ. ಆದ್ರ ಇದು ಆ ಕೂಸುಗಳ ಖೋಲಿ ಗ್ವಾಡಿ ಕಡಿಗೇ ಬೀಳ್ತದ" ಎಂದೆ.

ಸಹಿ ಮಾಡದೆ ಹೊರಗೆ ಬಂದು ನಮ್ಮ ಕಚೇರಿಯ ಹಿರಿಯರಿಗೆ ಫೋನು ಮಾಡಿದೆ. ಅವರು ಸರ್ಕಾರಿ ನೌಕರಿ ಮುಗಿಸಿ ಈ ಕೆಲಸ ಹಿಡಿದವರು, ಎಲ್ಲರೊಂದಿಗೂ ಹೊಂದಿಕೊಂಡು ಹೋಗುವವರು. ಷರತ್ತು ಹಾಕಿ ಸಹಿ ಮಾಡಿಬಿಡು, ಆಸ್ಪತ್ರೆ ಶುರುವಾದ ಮೇಲೆ ಅವರು ಸರಿ ಮಾಡಿಕೊಳ್ಳುತ್ತಾರೆ ಎಂದರು.

"ಶುರುವಾದ ಮ್ಯಾಲ ಆ ಖೋಲ್ಯಾಗ ಕೂಸುಗಳು ಇರ್ತಾವ್ರಿ ಸರ್. ಬ್ಯಾಟರಿ ಬಂದ್ ಮಾಡಿ, ಸ್ಟ್ಯಾಂಡ್ ಸರಿಸಿ, ನೆಲ ಅಗಿಯಾಕ ಯಾರು ಬಿಡ್ತಾರ? ಈಗ ಆದ್ರ ಆತು, ಇಲ್ಲಾಂದ್ರ ಆಗಲ್ಲ."

"ಹೌದು, ಖರೆ ಅದ. ನೀ ಹೇಳಿದಂಗೇ ಆಗಲಿ" ಎಂದು ಅವರು ಒಪ್ಪಿದರು.

ಡಾಕ್ಟರ್ ಮೇಡಂ ಮರುದಿನವೇ ನಮ್ಮ ಕಚೇರಿಗೆ ಬಂದರು. ಕೂಗಾಡುತ್ತಾರೆ ಎಂದುಕೊಂಡಿದ್ದೆ. ಅವರು ಕುರ್ಚಿಯಲ್ಲಿ ಕೂತು, ಕೈಯಲ್ಲಿನ ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡು, ಬಹಳ ಸಣ್ಣ ದನಿಯಲ್ಲಿ ಮಾತಾಡಿದರು.

"ನೋಡವ್ವಾ, ನೀ ಹೇಳೋದು ಬಂದ್ರ ಬರಬಹುದು ಅನ್ನೋ ಮಾತು. ನಾ ಹೇಳೋದು ಬಂದೇ ಬರೋ ಮಾತು. ದಿನಾ ಒಂದಿಲ್ಲೊಂದು ಕೂಸು ಉಸಿರಿಲ್ಲದ ಹುಟ್ಟತದ. ನನ್ನ ಮಷೀನು ಅಲ್ಲಿ ಕೀಲಿ ಹಾಕಿದ ಖೋಲ್ಯಾಗ ಅದ."

"ಕೆಳಗಿನ ಒಂದು ವಾರ್ಡಾದ್ರೂ ಶುರು ಮಾಡಾಕ ಬರಂಗಿಲ್ಲೇನ್ರಿ?"

"ಅರ್ಧ ಕಟ್ಟಡಕ್ಕ ಪರವಾನಗಿ ಕೊಡಂಗಿಲ್ಲ ಅಂತ ಅಂದಾರ. ಎಲ್ಲಾನೂ ನಿನ್ನ ಸಹಿ ಮ್ಯಾಲೆ ನಿಂತದ."

ಕೆಲಸಕ್ಕೆ ಹಿಡಿಯುವುದು ಕೆಲವೇ ದಿನ ಎಂದು ನಾನು ಅವರಿಗೆ ಹೇಳಿದೆ. ಟೈಲ್ಸ್ ಕಿತ್ತು, ತುಂಬಿದ್ದನ್ನು ತೆಗೆದು, ಸ್ಲ್ಯಾಬಿಗೆ ಕಬ್ಬಿಣ ಕೂಡಿಸಿ ಕಾಂಕ್ರೀಟಿನ ಕಟ್ಟೆ ಹಾಕಿ, ಅದು ಗಟ್ಟಿಯಾದ ಮೇಲೆ ಬೋಲ್ಟು ಬಿಗಿಯಬೇಕು. ಅಷ್ಟೇ ಎಂದೆ. ನನಗೆ ಹಾಗೆಯೇ ಅನಿಸಿತ್ತು. ಅವರು ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, "ನಿಮ್ಮ ತಮ್ಮನ ಹೆಂಡತಿ ಹೆರಿಗಿನೂ ನನ್ನ ಹತ್ರಾನೇ ಅದ. ಗೊತ್ತದಲ್ಲ?" ಎಂದರು.

"ಗೊತ್ತದ್ರಿ."

ಅವರು ಹೆದರಿಸಲು ಹೇಳಿದ್ದಲ್ಲ. ಆದರೂ ಆ ಮಾತು ನನ್ನೊಳಗೆ ಕೂತುಬಿಟ್ಟಿತು. ಊಟಕ್ಕೆ ಕೂತಾಗ, ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಾಗ, ತಮ್ಮನ ಹೆಂಡತಿಯ ಬಾತ ಕಾಲು ಕಣ್ಣ ಮುಂದೆ ಬರುತ್ತಿತ್ತು. ಬೇರೆ ಯಾರದೋ ಮನೆಯವರಾಗಿದ್ದರೆ ಇಷ್ಟು ಸಂಕಟ ಆಗುತ್ತಿತ್ತೇ ಎಂದು ಕೇಳಿಕೊಂಡೆ. ಆಗಬೇಕಿತ್ತು, ಆದರೆ ಆಗುತ್ತಿರಲಿಲ್ಲ.

ಕೆಲವೇ ದಿನದ ಕೆಲಸ ಎಳೆಯತೊಡಗಿತು. ನೆಲ ತುಂಬಿದ್ದು ತನ್ನ ತಪ್ಪಲ್ಲ, ನಕ್ಷೆಯವರದು ಎಂದು ಕಾಂಟ್ರಾಕ್ಟರ್. ಪೈಪು ಹಾಯಿಸಿದವರನ್ನು ಕೇಳಿ ಎಂದು ನಕ್ಷೆಯವರು. ಅವರ ಜಗಳ ಮುಗಿಯುವ ಹೊತ್ತಿಗೆ ಭತ್ತದ ನಾಟಿ ಬಿರುಸಾಗಿ ಕೂಲಿಯವರು ಗದ್ದೆಗೆ ಹೋದರು. ನೆಲ ಅಗೆದ ಮೇಲೆ ಬಂದ ಬೋಲ್ಟು ಸಣ್ಣವು, ಅವನ್ನು ವಾಪಸ್ ಕಳಿಸಿದ್ದೂ ನಾನೇ. ನಾನು ದಿನವೂ ಸೂಪರ್‌ವೈಸರನಿಗೆ ಫೋನು ಮಾಡುತ್ತಿದ್ದೆ. ರವಿವಾರ ನಾನೇ ಹೋಗಿ ಹಸಿ ಕಾಂಕ್ರೀಟಿನ ಮೇಲೆ ಒದ್ದೆ ಗೋಣಿಚೀಲ ಹೊದಿಸಿ ಬಂದೆ.

ಗೋಗಿಗೆ ಹೋದಾಗ ತಮ್ಮ ಕೇಳುತ್ತಿದ್ದ, "ಅಕ್ಕ, ಯಾವಾಗ ತೆರೀತಾರ?"

"ಇನ್ನೇನು ಆತು. ಆಕಿ ದಿನ ತುಂಬೋದರಾಗ ತೆರೀತಾರ."

ತಮ್ಮನ ಹೆಂಡತಿ ಒಳಗಿನಿಂದ ನನಗೆ ಚಹಾ ತಂದುಕೊಟ್ಟು, "ಅಕ್ಕಾರು ಇದ್ದಾರ, ಆಗ್ತದ" ಎಂದು ಅವನಿಗೇ ಸಮಾಧಾನ ಹೇಳಿದಳು.

ದಿನ ತುಂಬಲಿಲ್ಲ. ಒಂದು ಮಧ್ಯಾಹ್ನ ಆಕೆಗೆ ನೋವು ಬಂತು. ನಾನು ಆಗ ಸುರಪುರದಲ್ಲಿ, ಗುಡ್ಡದ ಬದಿಯಲ್ಲಿ ಹೊಸದಾಗಿ ಕಟ್ಟಿದ ಒಂದು ಹಾಸ್ಟೆಲಿನ ಪ್ಯಾನೆಲಿನ ಹಿಂದೆ ಬ್ಯಾಟರಿ ದೀಪ ಹಿಡಿದು ಕೂತಿದ್ದೆ. ಅವ್ವನ ಫೋನು ಬಂತು. ತಮ್ಮ ಆಟೋದಲ್ಲೇ ಆಕೆಯನ್ನು ಶಹಾಪುರಕ್ಕೆ ಕರೆದುಕೊಂಡು ಹೋಗಿದ್ದ, ಇದ್ದ ಒಂದು ಆಸ್ಪತ್ರೆಯಲ್ಲಿ ಹೆರಿಗೆ ಆಗಿತ್ತು. ಹೆಣ್ಣು ಕೂಸು. ತಾಯಿ ಹುಷಾರಾಗಿದ್ದಾಳೆ, ಕೂಸು ಅಳುತ್ತಿಲ್ಲ, ನೀಲಿಗಟ್ಟಿದೆ. ಅಲ್ಲಿಯವರು ಮಾಡುವುದನ್ನೆಲ್ಲ ಮಾಡಿ, ಮಷೀನಿನ ಮೇಲೆ ಇಡಬೇಕು, ಕಲಬುರಗಿಗೆ ಒಯ್ಯಿರಿ ಎಂದಿದ್ದರು. ತಮ್ಮ ಕೂಸಿನ ಜೊತೆ ಆಂಬುಲೆನ್ಸಿನಲ್ಲಿ ಹೊರಟಿದ್ದ.

"ನಿಮ್ಮ ದವಾಖಾನಿ ತೆರದಿಲ್ಲೇನು?" ಎಂದು ಅವ್ವ ಕೇಳಿದಳು. ಆಕೆಗೆ ಗೊತ್ತಿತ್ತು. ಆದರೂ ಕೇಳಿದಳು.

ಸುರಪುರದಿಂದ ಶಹಾಪುರದ ಬಸ್ಸು ಹಿಡಿದೆ. ನಡುದಾರಿಯಲ್ಲಿ ತಮ್ಮನಿಗೆ ಫೋನು ಹತ್ತಿಸಿದರೆ ಅವನು ಎತ್ತಲಿಲ್ಲ. ಜೇವರ್ಗಿ ದಾಟಿ ಭೀಮಾ ಸೇತುವೆ ಬರುವುದರೊಳಗೆ ಕೂಸು ಹೋಗಿತ್ತು. ಇದು ನನಗೆ ತಿಳಿದದ್ದು ಶಹಾಪುರದ ಆಸ್ಪತ್ರೆಯಲ್ಲಿ, ತಮ್ಮನ ಹೆಂಡತಿಯ ಮಂಚದ ಪಕ್ಕ ಕೂತ ಮೇಲೆ. ಅವ್ವ ನನ್ನನ್ನು ಹೊರಗೆ ಕರೆದು ಹೇಳಿದಳು. ಮತ್ತೆ ಒಳಗೆ ಹೋದಾಗ ತಮ್ಮನ ಹೆಂಡತಿ ನನ್ನ ಮುಖ ನೋಡಿಯೇ ತಿಳಿದುಕೊಂಡು ಗೋಡೆಯ ಕಡೆ ಹೊರಳಿದಳು.

ಮರುದಿನ ಬೆಳಿಗ್ಗೆ ಊರ ಹೊರಗೆ ನಮ್ಮ ಜನರನ್ನು ಹೂಳುವ ಜಾಗದಲ್ಲಿ ಕೂಸನ್ನು ಮಣ್ಣು ಮಾಡಿದರು. ನಮ್ಮ ಓಣಿಯ ಬುದ್ಧ ವಿಹಾರದ ಹಿರಿಯರೊಬ್ಬರು ಬಂದು ಮೆಲ್ಲಗೆ ಬುದ್ಧ ವಂದನೆ ಹೇಳಿದರು. ಕೂಸಿಗೆ ಹೆಸರೂ ಇಟ್ಟಿರಲಿಲ್ಲ. ಮನೆಗೆ ಬಂದು ಎಲ್ಲರೂ ಅಂಗಳದಲ್ಲಿ ಕೂತಾಗ ತಮ್ಮ ನನ್ನ ಎದುರು ಬಂದು ನಿಂತ. ಅವನ ಅಂಗಿಯ ತೋಳಿಗೆ ಮಣ್ಣು ಹತ್ತಿತ್ತು.

"ಎಲ್ಲಿ ನಡಗ್ತು ಅಕ್ಕ ನಿನ್ನ ಭೂಮಿ?" ಎಂದ.

ನಾನು ತಲೆ ತಗ್ಗಿಸಿದೆ.

"ನಾ ಕೇಳಾಕತ್ತೀನಿ, ಹೇಳು. ಎಲ್ಲಿ ನಡಗ್ತು? ಕೀಲಿ ಹಾಕಿದ ದವಾಖಾನಿ ಮುಂದನೇ ನಮ್ಮ ಗಾಡಿ ಹೋತು. ನಾ ಕಿಡಕಿ ಗಾಜಿನ್ಯಾಗಿಂದ ನೋಡ್ದೆ. ಹೊಸಾ ಬೋರ್ಡ್ ಇತ್ತು."

ಅವ್ವ, "ಬಿಡಪ್ಪ" ಎಂದಳು. ಅವನು ಹೊರಟುಹೋದ. ನಾನು ಉತ್ತರ ಕೊಡಬಹುದಿತ್ತು. ಒಂದು ಕೂಸಲ್ಲ, ಆ ಖೋಲಿಯಲ್ಲಿರುವ ಎಲ್ಲ ಕೂಸುಗಳ ಮಾತು ಎನ್ನಬಹುದಿತ್ತು. ಆ ಮಾತು ಕಚೇರಿಯಲ್ಲಿ ಆಡಿದ್ದೆ, ಡಾಕ್ಟರರ ಮುಂದೆ ಆಡಿದ್ದೆ. ಮಣ್ಣು ಹತ್ತಿದ ಆ ಅಂಗಿಯ ಮುಂದೆ ಅದು ಬಾಯಿಗೆ ಬರಲಿಲ್ಲ.

ಅದಾದ ಮೇಲೆ ಅವನು ನನ್ನೊಂದಿಗೆ ಮಾತು ಬಿಟ್ಟ. ನಾನು ಗೋಗಿಗೆ ಹೋದರೆ ಆಟೋ ತೆಗೆದುಕೊಂಡು ಹೊರಬೀಳುತ್ತಿದ್ದ. ಶಹಾಪುರದ ಸ್ಟ್ಯಾಂಡಿನಲ್ಲಿ ಅವನ ಆಟೋ ಕಂಡರೆ ನಾನೇ ಬೇರೆ ಆಟೋ ಹತ್ತುತ್ತಿದ್ದೆ, ಅವನಿಗೆ ಮುಜುಗರ ಬೇಡವೆಂದು.

ಕೆಲಸ ಮುಗಿದಿದೆ ಎಂದು ಸೂಪರ್‌ವೈಸರ್ ಫೋನು ಮಾಡಿದಾಗ ಹೋಗಲು ಮನಸ್ಸಿರಲಿಲ್ಲ. ಬೇರೆಯವರನ್ನು ಕಳಿಸಲೇ ಎಂದು ಹಿರಿಯರು ಕೇಳಿದರು. ಬೇಡ ಅಂದೆ. ಹೋಗಿ ಒಂದೊಂದು ಬೋಲ್ಟನ್ನೂ ಜಗ್ಗಿ ನೋಡಿದೆ, ಸರಿಯಾಗಿತ್ತು, ಸಹಿ ಮಾಡಿದೆ. ಕೆಳಗೆ ಇಳಿಯುವಾಗ ಮೆಟ್ಟಿಲ ಮೇಲೆ ಡಾಕ್ಟರ್ ಮೇಡಂ ಸಿಕ್ಕರು. ನನ್ನನ್ನು ಅಲ್ಲೇ ತಮ್ಮ ಪಕ್ಕ ಕೂರಿಸಿಕೊಂಡರು.

ನಾನು ಕೇಳಬಾರದೆಂದುಕೊಂಡಿದ್ದನ್ನು ಕೇಳಿದೆ. "ಇಲ್ಲಿ ಇದ್ದಿದ್ರ ಉಳೀತಿತ್ತೇನ್ರಿ?"

"ಉಳೀತಿತ್ತು ಅಂತ ನಾ ಹೇಳಾಕ ಆಗಲ್ಲ. ಉಳೀತಿರಲಿಲ್ಲ ಅಂತನೂ ಹೇಳಾಕ ಆಗಲ್ಲ. ನಿನಗ ಸುಳ್ಳು ಹೇಳಿ ಏನು ಮಾಡಲಿ?"

ಎರಡರಲ್ಲಿ ಯಾವುದಾದರೊಂದನ್ನು ಹೇಳಿದ್ದರೆ ನನಗೆ ಸಲೀಸಾಗುತ್ತಿತ್ತು. ತಪ್ಪು ನಿನ್ನದೇ ಎಂದಿದ್ದರೂ ಅತ್ತು ಹಗುರಾಗುತ್ತಿದ್ದೆನೇನೋ. ಕೆಳಗೆ ಯಾರೋ ಹೊಸ ಮಂಚಗಳ ಪ್ಲಾಸ್ಟಿಕ್ ಹರಿಯುವ ಸದ್ದು ಬರುತ್ತಿತ್ತು.

ಆಸ್ಪತ್ರೆ ತೆರೆಯಿತು. ತೆರೆದ ಕೆಲವೇ ದಿನಗಳಲ್ಲಿ ಕೂಸುಗಳ ಖೋಲಿ ತುಂಬಿದೆ ಎಂದು ಕೇಳಿದೆ. ಆ ಕಡೆಯಿಂದ ಬಸ್ಸು ಹೋಗುವಾಗ ನಾನು ಕಿಟಕಿಯ ಹೊರಗೆ ನೋಡುತ್ತಿರಲಿಲ್ಲ. ರಾತ್ರಿ ನಿದ್ದೆಯಿತ್ತು, ಊಟವಿತ್ತು, ಎಲ್ಲ ಇತ್ತು. ಆದರೆ ಪಾನಾ ಹಿಡಿದು ಬೋಲ್ಟು ತಿರುಗಿಸುವಾಗ ಅದು ಸುಮ್ಮನೆ ಸುತ್ತಿದರೆ ಎಂಬ ಭಯ ಶುರುವಾಯಿತು. ಸುತ್ತಿದರೆ ಮತ್ತೆ ಬೇಡ ಎನ್ನಬೇಕು. ಬೇಡ ಎಂದರೆ ಆ ಕಟ್ಟಡಕ್ಕಾಗಿ ಕಾಯುತ್ತಿರುವವರು ಯಾರೋ ಇರುತ್ತಾರೆ. ಮೊದಲು ಅವರು ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ.

ಬೇಸಿಗೆಯಲ್ಲಿ ಒಂದು ದಿನ ತಮ್ಮನ ಹೆಂಡತಿ ಒಬ್ಬಳೇ ಯಾದಗಿರಿಗೆ ಬಂದಳು. ಕಚೇರಿಯ ಮೆಟ್ಟಿಲು ಹತ್ತಿ, ಸೆರಗಿನಿಂದ ಮುಖ ಒರೆಸಿಕೊಂಡು ಬಾಗಿಲಲ್ಲಿ ನಿಂತಳು. ನಾನು ಗಾಬರಿಯಾಗಿ ಎದ್ದೆ.

"ಮನ್ಯಾಗ ಎಲ್ಲಾ ಆರಾಮ ಅದಾರೇನು?"

"ಆರಾಮ ಅದಾರ. ಅಕ್ಕಾ, ನನಗ ಆ ಖೋಲಿ ತೋರಸ್ರಿ."

"ಯಾವ ಖೋಲಿ?"

"ಯಾವುದಕ ನೀವು ಬ್ಯಾಡ ಅಂದಿದ್ರಲ್ಲ, ಅದು."

ಬೇಡವೆಂದು ಹೇಳಲು ನನಗೆ ಯಾವ ಬಾಯಿ ಇತ್ತು? ಇಬ್ಬರೂ ಬಸ್ಸಿನಲ್ಲಿ ಶಹಾಪುರಕ್ಕೆ ಹೋದೆವು. ದಾರಿಯುದ್ದಕ್ಕೂ ಆಕೆ ಮನೆಯ ಮಾತು ಆಡಿದಳು, ಅವ್ವನ ಮೊಣಕಾಲು ನೋವು, ಹತ್ತಿ ಬಿಡಿಸಲು ಹೋಗಿದ್ದು. ಡಾಕ್ಟರ್ ಮೇಡಂ ಆಕೆಯನ್ನು ನೋಡಿ ಏನೂ ಕೇಳದೆ ಕೀಲಿ ಕೊಡಿಸಿದರು.

ಬ್ಯಾಟರಿ ಖೋಲಿಯಲ್ಲಿ ಸಣ್ಣಗೆ ಗುಂಯ್‌ಗುಡುವ ಸದ್ದು. ಆಕೆ ಸುತ್ತ ನೋಡಿದಳು. ಇಷ್ಟೇನಾ ಎಂಬಂತೆ ನೋಡಿದಳು ಎಂದು ನನಗನಿಸಿತು. ಯಾವುದನ್ನು ಮುಟ್ಟಬಾರದೆಂದು ಹೇಳಿ, ಮುಟ್ಟಬಹುದಾದ ಬರಿಯ ಕಬ್ಬಿಣದ ಕಾಲನ್ನು ತೋರಿಸಿದೆ. ಆಕೆ ಬಗ್ಗಿ ಬೋಲ್ಟಿನ ಮೇಲೆ ಕೈಯಿಟ್ಟಳು. ಆಮೇಲೆ ಎದ್ದು ಆ ಕಬ್ಬಿಣಕ್ಕೆ ಹೆಗಲು ಕೊಟ್ಟು ತಳ್ಳಿದಳು. ಮೆಲ್ಲಗಲ್ಲ, ಇದ್ದ ಶಕ್ತಿಯನ್ನೆಲ್ಲ ಹಾಕಿ. ಕಾಲು ಜಾರುವವರೆಗೆ ತಳ್ಳಿದಳು. ಅದು ಅಲುಗಲಿಲ್ಲ.

"ಮೊದಲ ಅಲಗಾಡ್ತಿತ್ತೇನ್ರಿ?"

"ಅಲಗಾಡ್ತಿತ್ತು. ಬರೀ ಕೈಲೆ ದಬ್ಬಿದ್ರೂ ಅಲಗಾಡ್ತಿತ್ತು."

"ಈ ಗ್ವಾಡಿ ಆಚಿ ಕೂಸುಗಳು ಇರ್ತಾವ?"

"ಹೂಂ."

ಆಕೆ ಹೊರಗೆ ಬಂದು ಪಕ್ಕದ ಖೋಲಿಯ ಗಾಜಿನಿಂದ ಒಳಗೆ ನೋಡಿದಳು. ನರ್ಸೊಬ್ಬಳು ಒಂದು ಕೂಸಿನ ಮೂಗಿನ ನಳಿಗೆಯನ್ನು ಸರಿಪಡಿಸುತ್ತಿದ್ದಳು. ತಮ್ಮನ ಹೆಂಡತಿ ಆ ಗಾಜಿನ ಮುಂದೆ ಬಹಳ ಹೊತ್ತು ನಿಂತಿದ್ದಳು. ನಾನು ಆಕೆಯ ಬೆನ್ನ ಮೇಲೆ ಕೈಯಿಡಲು ಹೋಗಿ ತಡೆದುಕೊಂಡೆ.

"ನಂದು ಇವಕ್ಕಿಂತ ಸ್ವಲ್ಪ ದೊಡ್ಡದಿತ್ತು" ಎಂದಳು. ಅಷ್ಟೇ. ಕೆಳಗೆ ಇಳಿಯುವಾಗ, "ನೀವು ಸುಮ್ಮ ಸುಮ್ಮನ ಅಡ್ಡ ಹಾಕಿದ್ದಿಲ್ಲ ಅಂತ ನೋಡಬೇಕಾಗಿತ್ತು. ನೋಡ್ದೆ. ಆದ್ರೂ ನನಗ ಸಿಟ್ಟು ಹೋಗಿಲ್ಲರಿ ಅಕ್ಕಾ. ಹೋಗಿಲ್ಲ ಅಂತ ನಿಮಗ ಹೇಳಬೇಕು ಅನಸ್ತು" ಎಂದಳು.

"ಹೇಳಿದ್ದು ಛಲೋ ಆತವ್ವಾ" ಎಂದೆ. ನಿಜವಾಗಿಯೂ ಹಾಗೆಯೇ ಅನಿಸಿತು.

ಆಕೆ ಮನೆಗೆ ಹೋಗಿ ಗಂಡನಿಗೆ ಏನು ಹೇಳಿದಳೋ ನನಗೆ ಗೊತ್ತಿಲ್ಲ. ಮುಂದಿನ ಸಲ ಗೋಗಿಗೆ ಹೋದಾಗ ತಮ್ಮ ಎದ್ದು ಹೋಗಲಿಲ್ಲ. ಒಂದೇ ಸಾಲಿನಲ್ಲಿ ಕೂತು ಉಂಡೆವು. ಅವನು ಅವ್ವನ ಜೊತೆ ಮಾತಾಡಿದ, ನಾನು ಅವ್ವನ ಜೊತೆ ಮಾತಾಡಿದೆ. ಸಂಜೆ ನಾನು ಹೊರಟಾಗ ಅವನು ಆಟೋ ತಿರುಗಿಸಿ ಬಾಗಿಲ ಮುಂದೆ ತಂದು ನಿಲ್ಲಿಸಿದ. ಬೇರೆ ಯಾರನ್ನೂ ಹತ್ತಿಸಿಕೊಳ್ಳಲಿಲ್ಲ. ನೇರವಾಗಿ ಶಹಾಪುರದ ಬಸ್ ನಿಲ್ದಾಣಕ್ಕೆ ತಂದು ನಿಲ್ಲಿಸಿದ.

ನಾನು ಇಳಿದು ಬ್ಯಾಗು ಎತ್ತಿಕೊಳ್ಳುವಾಗ ಅವನು ಮುಂದೆಯೇ ನೋಡುತ್ತ ಕೇಳಿದ, "ನಾಳಿ ಎಲ್ಲಿ ಕೆಲಸ?"

"ವಡಗೇರಾದಾಗ. ಅಲ್ಲೂ ಒಂದು ದವಾಖಾನಿ ಕಟ್ಯಾರ."

"ಅಲ್ಲಿ ನೆಲ ಸರಿ ಇರಲಿಲ್ಲಾಂದ್ರ?"

"ಸರಿ ಮಾಡು ಅಂತ ಹೇಳಬೇಕಾಗ್ತದ" ಎಂದೆ. "ಈ ಸಲ ಕೆಲಸ ಮುಗಿಯೋತನಕ ಅಲ್ಲೇ ಕೂಡ್ತೀನಿ. ಯಾರಿಗೂ ಜಗಳ ಆಡಾಕ ಬಿಡಂಗಿಲ್ಲ."

ಅವನು ತಲೆ ಆಡಿಸಿದನೋ ಇಲ್ಲವೋ, ಬಸ್ಸುಗಳ ಹೊಗೆಯಲ್ಲಿ ನನಗೆ ಸರಿಯಾಗಿ ಕಾಣಲಿಲ್ಲ. ಇಬ್ಬರು ಹೆಂಗಸರು ಗೋಗಿಗೆ ಬರುತ್ತೀಯಾ ಎಂದು ಕೇಳಿದರು. ಬರ್ರಿ, ಕೂಡ್ರಿ ಎಂದು ಅವರಿಗೆ ಜಾಗ ಮಾಡಿಕೊಟ್ಟು ಅವನು ಆಟೋ ಹೊರಡಿಸಿದ.